ಉಲ್ಬೋಸಿನ್ ಹೆರೆಯದ ಗೋಡೆ

ಉಲ್ಬೋಸಿನ್ ಎಂದರೆ ‘ಗಂಡಾಗಲಿ’ ಎಂದು. ಮೂರು ಹೆಣ್ಣುಗಳ ಮೇಲೆ ನಾಲ್ಕನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲೆಂದು ಅಪ್ಪ ಇಟ್ಟ ಹೆಸರು. ಐದನೆಯದೂ ಹೆಣ್ಣೇ ಆಯಿತು. ಇದನ್ನು ಹೇಳಿ ಅವಳೇ ನಗುತ್ತಿದ್ದಳು.

ಹತ್ತೊಂಬತ್ತಕ್ಕೆ ಸಿರ್ ದರಿಯಾ ನದಿಯ ದಂಡೆಯ ಊರಿಗೆ ಸೊಸೆಯಾಗಿ ಬಂದಳು. ಊರು ಮುಗಿದಲ್ಲಿ ಹಳೆಯ ಕೋಟೆಯ ದಿಬ್ಬ, ಅದರಾಚೆ ಬರೀ ಹುಲ್ಲುಗಾಡು. ಅತ್ತೆ ಕಲಿಸಿದ ಮೊದಲ ಕೆಲಸ ಗೋಡೆಗೆ ಮಣ್ಣು ಮೆತ್ತುವುದು. ಹಿಮ ಕರಗಿ ಹೊಸ ವರ್ಷದ ನೌರುಜ್ ಹಬ್ಬ ಮುಗಿದ ವಾರ, ಜೇಡಿಮಣ್ಣಿಗೆ ಹುಲ್ಲಿನ ಚೂರು, ಕುದುರೆ ಲದ್ದಿ ಕಲಸಿ ಬರಿಗೈಯಲ್ಲಿ ಒಂದು ಪದರ. ವರ್ಷಕ್ಕೆ ಒಂದೇ. ಮನೆಯಲ್ಲಿ ಸಾವಾದ ವರ್ಷ ಮಾತ್ರ ಮೆತ್ತುವಂತಿಲ್ಲ. ಸತ್ತವರ ಹೆಸರಲ್ಲಿ ವರ್ಷದ ಊಟ ಹಾಕುವವರೆಗೆ ಗೋಡೆ ಒಲೆಯ ಮಸಿ ಹಿಡಿದುಕೊಂಡೇ ಇರಬೇಕು.

ಹಳೆಯ ಕಾಲದ ಕುರುಹು ಹುಡುಕಿ ದಿಬ್ಬ ಅಗೆಯುವವರು ಬಂದಾಗ ಅವಳಿಗೆ ಅರವತ್ತೆರಡು. ಮೊದಲು ಅವರ ಅಡುಗೆಗೆ ಹೋದಳು. ಕೈ ನಿಧಾನ, ಆದರೆ ತಪ್ಪುವುದಿಲ್ಲ ಎಂದು ಕಂಡು ಮುಖ್ಯಸ್ಥ ಸಾಬಿತ್ ಅವಳಿಗೆ ಕರಣೆ ಕೊಟ್ಟ. ನಾಲ್ಕು ಬೇಸಿಗೆ ಗುಂಡಿಯಲ್ಲಿ ಕೂತು ಮಣ್ಣಿನಿಂದ ಮಣ್ಣು ಬಿಡಿಸಿದಳು. ವಿಧವೆಯಾದ ಮೇಲೆ ಅಷ್ಟು ನೆಮ್ಮದಿ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಐದನೆಯ ಬೇಸಿಗೆ ಕೋಟೆಗೋಡೆಗೆ ಅಂಟಿದ ಒಂದು ಕೋಣೆ ಸಿಕ್ಕಿತು. ಸೈನಿಕರು ಒಂದೆರಡು ವರ್ಷ ತಂಗಿದ್ದ ಕೋಣೆ ಎಂಬುದು ಸಾಬಿತ್‌ನ ಲೆಕ್ಕ. ಇಟ್ಟಿಗೆ ಸಾಲು ಕಾಣಬೇಕು, ಮೇಲಿನ ಮಣ್ಣಿನ ಮೆತ್ತಿಗೆಯನ್ನೆಲ್ಲ ಹೆರೆದುಬಿಡಿ, ಶುಕ್ರವಾರ ಫೋಟೋ ತೆಗೆಯಬೇಕು ಎಂದ ಸಾಬಿತ್. ಉಲ್ಬೋಸಿನ್ ಎರಡು ಗೇಣು ಹೆರೆದು ಕೈ ನಿಲ್ಲಿಸಿದಳು. ಹೆರೆದ ಅಂಚಿನಲ್ಲಿ ಪದರದ ಮೇಲೆ ಪದರ, ನಡುನಡುವೆ ಮಸಿಯ ಗೆರೆ. ಮೆತ್ತಿಗೆಯ ಮೇಲೆ ನಾಲ್ಕು ಬೆರಳಿನ ಗೀರುಗಳು. ಮೊಣಕಾಲೆತ್ತರದಲ್ಲಿ ಇನ್ನೂ ನಾಲ್ಕು, ಪುಟ್ಟವು.

ಪಕ್ಕದಲ್ಲಿ ಅಗೆಯುತ್ತಿದ್ದ ಮೈರಂಬೆಕ್ ನಕ್ಕ. “ಏನಜ್ಜಿ, ಗೋಡೆ ಹತ್ರ ಮದುವೆ ಮಾತಾಡ್ತಿದೀರಾ? ಗಂಡು ನಿಮಗಿಂತ ಸಾವಿರ ವರ್ಷ ದೊಡ್ಡೋನು!”

“ನಿನಗಿಂತ ಗಟ್ಟಿಯಾಗಿದಾನೆ. ಸುಮ್ನೆ ಅಗಿ.”

ಸಾಬಿತ್ ಬಂದ. “ಅಮ್ಮ, ಇನ್ನೂ ಹೆರೆದಿಲ್ವಾ?”

“ಇದನ್ನ ನಾನು ಹೆರೆಯಲ್ಲ ಮಗ.”

“ಹಾಗಾದ್ರೆ ಮೈರಂಬೆಕ್ ಹೆರೀತಾನೆ. ನೀವು ಅಡುಗೆಗೇ ಹೋಗ್ಬೇಕಾಗುತ್ತೆ.”

ಅವಳು ಕರಣೆ ಒರೆಸಿ ಕೆಳಗಿಟ್ಟಳು. “ಕಳಿಸು. ಮೊದ್ಲು ನಮ್ಮನೇಲಿ ಒಂದು ಲೋಟ ಚಹಾ ಕುಡಿ.”

ಹಿರಿಯಳು ಚಹಾಕ್ಕೆ ಕರೆದರೆ ಇಲ್ಲವೆನ್ನುವಂತಿಲ್ಲ. ಹೋದ. ಅವಳು ಅವನನ್ನು ಹಿಮಕ್ಕೆ ಮೂಲೆ ಮುರಿದ ಗೋಡೆಯ ಮುಂದೆ ನಿಲ್ಲಿಸಿ, ಮುರಿದ ಅಂಚಿನ ಪದರಗಳನ್ನು ಸೂಜಿಯಿಂದ ತೋರಿಸಿದಳು.

“ಇಲ್ಲಿಂದ ಈಚೆಗೆ ನನ್ನ ಕೈ. ನಲವತ್ತೇಳು ವಸಂತ, ನಲವತ್ನಾಲ್ಕು ಪದರ. ಮೂರು ಕಡೆ ಮಸಿ ದಪ್ಪ ಇದೆ ನೋಡು. ಮಾವ, ಅತ್ತೆ, ನಮ್ಮನೆಯವ್ರು.”

ಸಾಬಿತ್ ಚಹಾ ಮರೆತು ನೋಡಿದ.

“ಆ ಕೋಣೇಲಿ ಸೈನಿಕರು ಒಂದೆರಡು ವರ್ಷ ಇದ್ದು ಹೋದ್ರು ಅಂತೀಯಲ್ಲ, ಅಲ್ಲಿ ಇಪ್ಪತ್ತಾರು ಪದರ ಇದೆ. ಹದಿನೇಳನೇದರ ಮೇಲೆ ದಪ್ಪ ಮಸಿ. ಸೈನಿಕರು ಮೆತ್ತುತಾರೇನೋ?”

ಗುಂಡಿಗೆ ಮರಳಿ ಅವನು ಭೂತಗನ್ನಡಿ ಹಿಡಿದು ಎಣಿಸಿದ. ಇಪ್ಪತ್ತೈದು ಬಂತು. “ಮತ್ತೆ ಎಣ್ಸು,” ಎಂದಳು. ಇಪ್ಪತ್ತಾರು.

“ಆಗಿನ ಹೆಂಗಸರೂ ವರ್ಷಕ್ಕೊಂದೇ ಮೆತ್ತುತಿದ್ರು ಅಂತ ಹೇಳೋಕಾಗಲ್ಲ ಅಮ್ಮ.”

“ಹೇಳ್ಬೇಡ. ಹೆರೀಬೇಡ, ಅಷ್ಟೆ.”

ಸಾಬಿತ್ ಬಗ್ಗಿ ಅವಳ ಕರಣೆ ಎತ್ತಿ ಅವಳ ಕೈಗೇ ಕೊಟ್ಟ. ಶುಕ್ರವಾರದ ಫೋಟೋಗೆ ಎದುರಿನ ಗೋಡೆಯ ಇಟ್ಟಿಗೆ ಸಾಲೇ ಸಾಕಾಯಿತು.

ಶರತ್ಕಾಲಕ್ಕೆ ಅಗೆತ ನಿಂತಾಗ, ಚಳಿಗೆ ಬಿರಿಯದಂತೆ ಗೋಡೆಗೆ ಜೊಂಡಿನ ಚಾಪೆ ಹೊದಿಸಿ ಅದರ ಮೇಲೆ ಮಣ್ಣು ಮೆತ್ತುವ ಕೆಲಸ ಅವಳಿಗೇ ಬಂತು. ಮೆತ್ತುವ ಮೊದಲು ಮನೆಗೆ ಹೋಗಿ, ಸತ್ತವರಿಗೆಂದು ಪ್ರತಿ ಶುಕ್ರವಾರ ಕರಿಯುವ ಹಾಗೆ, ಎಣ್ಣೆಯಲ್ಲಿ ಏಳು ರೊಟ್ಟಿ ಕರಿದು ತಂದು ಗುಂಡಿಯ ಅಂಚಿನಲ್ಲಿ ಕೂತವರಿಗೆ ಹಂಚಿದಳು.

ಮೈರಂಬೆಕ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೇಳಿದ, “ಯಾರ ಹೆಸರಲ್ಲಿ ಅಜ್ಜಿ?”

“ಹೆಸರು ಗೊತ್ತಿಲ್ಲ. ಹದಿನೇಳನೇ ಪದರ ಆದ್ಮೇಲೆ ಹೋದೋರು. ತಿನ್ನು.”