ದೇಶ ಎಲ್ಲಿ ಅದ ಹೇಳ್ರಪಾ

ಗೊಬ್ಬೂರಿನಿಂದ ಅಫಜಲಪುರಕ್ಕೆ ಹೋಗುವ ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುವಂಥ ಒಂದು ಸಣ್ಣ ಊರು. ಆ ಊರಿನ ಅಂಗನವಾಡಿಯಲ್ಲಿ ಗೌರಾಬಾಯಿ ಮೂವತ್ತೈದು ವರ್ಷ ಟೀಚರ್ ಆಗಿದ್ದಳು. ತವರು ನೆಲೋಗಿ. ಕಲಿತದ್ದು ಏಳನೇ ಇಯತ್ತೆ. ಈಗಿನ ಹುಡುಗಿಯರ ಕಲಿಕೆಯ ಮುಂದೆ ಅದು ಏನೂ ಅಲ್ಲ, ಆದರೆ ಆಕೆ ಕೆಲಸಕ್ಕೆ ಸೇರಿದಾಗ ಆ ಊರಿನಲ್ಲಿ ಅಷ್ಟು ಕಲಿತ ಸೊಸೆ ಆಕೆ ಒಬ್ಬಳೇ ಇದ್ದಳು.

ನೆಲೋಗಿಯ ಸಾಲೆಯಲ್ಲಿ ಒಂದು ದಿನ ಮಾಸ್ತರು ಕೇಳಿದ್ದರು, ‘ದೇಶ ಎಲ್ಲಿ ಅದ ಗೌರಾ?’ ಅಂತ. ಆರು ವರ್ಷದ ಗೌರಾ ಕಿಟಕಿಯ ಕಡೆ ಬೆರಳು ಮಾಡಿ, ‘ಜೇವರ್ಗಿ ಬಸ್‌ಸ್ಟ್ಯಾಂಡಿನ ಆಚಿ ಕಡಿ ಅದರಿ’ ಅಂದಳು. ಕಲಬುರಗಿಗೆ ಹೋಗುವ ಬಸ್ಸುಗಳೆಲ್ಲ ಆ ಕಡೆಗೇ ಹೋಗುತ್ತಿದ್ದವು, ದೊಡ್ಡದೇನಿದ್ದರೂ ಅಲ್ಲೇ ಇರಬೇಕು ಅಂತ ಆಕೆಯ ಲೆಕ್ಕ. ಮಾಸ್ತರು ತಲೆಗೊಂದು ಕುಟ್ಟಿದರು, ಹುಡುಗರೆಲ್ಲ ನಕ್ಕರು. ಸರಿಯಾದ ಉತ್ತರ ಏನು ಅಂತ ಮಾತ್ರ ಯಾರೂ ಹೇಳಲಿಲ್ಲ.

ಆ ಕುಟ್ಟು ಆಕೆ ಮರೆಯಲಿಲ್ಲ. ತಾನೇ ಟೀಚರ್ ಆದಾಗ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಅಂಗನವಾಡಿ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೇಶದ ನಕಾಶೆ ಬರೆಯುತ್ತಿದ್ದಳು. ಸೊಟ್ಟ ಆದರೂ ಚಿಂತೆ ಇಲ್ಲ, ಮೂವತ್ತು ಮಕ್ಕಳು ಒಳಗೆ ಹಿಡಿದರೆ ಸಾಕು. ಮಕ್ಕಳನ್ನೆಲ್ಲ ಆ ಗೆರೆಯೊಳಗೆ ನಿಲ್ಲಿಸಿ ಕೂಗಿ ಕೇಳುವಳು:

‘ದೇಶ ಎಲ್ಲಿ ಅದ ಹೇಳ್ರಪಾ?’

ಮಕ್ಕಳು ಅಂಗೈಯನ್ನು ಎದೆಗೆ ಬಡಿದುಕೊಂಡು, ‘ಇಲ್ಲೇ ಅದರಿ!’ ಅನ್ನುತ್ತಿದ್ದವು. ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಶೇಂಗಾ ಚಿಕ್ಕಿ, ಆದರೂ ಬಡಿಯುವುದು ಮಾತ್ರ ಜೋರು. ಒಮ್ಮೆ ಬಂದಿದ್ದ ಸೂಪರ್‌ವೈಜರ್ ಮೇಡಂ, ‘ಇದನ್ನ ಯಾರು ಕಲಿಸ್ಯಾರ ನಿಮಗ?’ ಅಂತ ಕೇಳಿದ್ದರು. ‘ನೆಲೋಗಿ ಮಾಸ್ತರರು ತಲಿಗೆ ಕುಟ್ಟಿ ಕಲಿಸ್ಯಾರ್ರಿ’ ಅಂದು ಗೌರಾಬಾಯಿ ನಕ್ಕಿದ್ದಳು.

ನಮ್ಮ ಭಾಗದಲ್ಲಿ ಆಗಸ್ಟ್ ಹದಿನೈದಕ್ಕೆ ಝಂಡಾ ಏರಿಸಿ ಒಂದು ತಿಂಗಳು ಕಳೆಯುತ್ತಲೇ ಸೆಪ್ಟೆಂಬರ್ ಹದಿನೇಳಕ್ಕೆ, ವಿಮೋಚನಾ ದಿನ ಅಂತ, ಮತ್ತೆ ಏರಿಸುತ್ತಾರೆ. ‘ಮತ್ಯಾಕ್ರಿ?’ ಅಂತ ಮಕ್ಕಳು ಕೇಳಿದರೆ ಗೌರಾಬಾಯಿ ಹೇಳುತ್ತಿದ್ದಳು: ‘ಮದಿವಿ ಊಟಕ್ಕ ಎಲ್ಲಾರೂ ಒಮ್ಮೆಲೆ ಕುಂದ್ರಾಕ ಆಗ್ತದೇನು? ಉಳಿದವರು ಮೊದಲನೇ ಪಂಕ್ತಿಗೆ ಕುಂತರು. ನಾವು ನಿಜಾಮನ ಕೈಯಾಗ ಇದ್ದಿವಿ, ಎರಡನೇ ಪಂಕ್ತಿಗೆ ಕುಂತಿವಿ. ಅಡಗಿ ಒಂದೇ, ಮನಿ ಒಂದೇ.’ ಊಟದ ಮಾತು ಮಕ್ಕಳಿಗೆ ಲಗೂನೆ ತಿಳಿಯುತ್ತಿತ್ತು.

ಆ ಅಂಗನವಾಡಿಯಲ್ಲಿ ಅಡುಗೆ ಮಾಡುವ ಆಯಾ ಬಾನುಬಿ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕುಂತು ಚಹಾ ಕುಡಿದವರು. ಝಂಡಾ ಕಟ್ಟುವುದು ಬಾನುಬಿಯ ಕೆಲಸ. ಚೆಂಡು ಹೂವಿನ ಪಕಳಿ ಬಿಡಿಸಿ, ಝಂಡಾದ ಮಡಿಕೆಯೊಳಗೆ ತುಂಬಿ, ಒಂದೇ ಜಗ್ಗಿಗೆ ಬಿಚ್ಚುವಂಥ ಗಂಟು ಹಾಕುವುದು ಆಕೆಗೇ ಗೊತ್ತಿತ್ತು. ಗೌರಾಬಾಯಿ ಹಾಕಿದರೆ ಗಂಟು ಬಿಚ್ಚುತ್ತಲೇ ಇರಲಿಲ್ಲ. ‘ಅಕ್ಕಾ, ನೀ ಬರೇ ಭಾಷಣ ಮಾಡು, ಗಂಟಿನ ಸುದ್ದಿಗೆ ಬರಬ್ಯಾಡ’ ಅನ್ನುತ್ತಿದ್ದಳು ಬಾನುಬಿ. ಗೌರಾಬಾಯಿಯನ್ನು ಆಕೆ ಕರೆಯುತ್ತಿದ್ದದ್ದೇ ಅಕ್ಕಾ ಅಂತ.

ಬಾನುಬಿಯ ಮೊಮ್ಮಗಳು ನಜಮುನ್ನಿಸಾ. ಏಳು ವರ್ಷದ ಹಿಂದೆ ಆಕೆಗೆ ಐದು ವರ್ಷ. ಆ ಹುಡುಗಿಯ ದನಿ ಎಂಥದು ಅಂದರೆ, ಹಾಜರಿ ಕರೆದಾಗ ಆಕೆ ‘ಹಾಜರ್ರಿ’ ಅಂದರೆ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು. ಆ ವರ್ಷ ಸೆಪ್ಟೆಂಬರ್ ಹದಿನೇಳಕ್ಕೆ ಮಕ್ಕಳಿಂದ ಒಂದು ರೂಪಕ ಮಾಡಿಸಬೇಕು ಅಂತ ಗೌರಾಬಾಯಿಗೆ ಆಸೆ ಹುಟ್ಟಿತು. ನಡುವೆ ಭಾರತಮಾತೆ, ಆಚೀಚೆ ಸಾಲಾಗಿ ಉಳಿದ ಮಕ್ಕಳು. ಭಾರತಮಾತೆಯ ಮಾತನ್ನು ಆಕೆಯೇ ಕಟ್ಟಿದಳು: ‘ನಾನು ಭಾರತ. ನೀವೆಲ್ಲಾ ನನ್ನ ಮಕ್ಕಳು. ಬರ್ರಿ, ನನ್ನ ಬಾಜೂಕ ನಿಂದರ್ರಿ.’ ಇದನ್ನು ಹೇಳಲಿಕ್ಕೆ ನಜಮುನ್ನಿಸಾಳ ಹೊರತು ಬೇರೆ ಯಾರು?

ಹದಿನೈದು ದಿನ ತಾಲೀಮು ನಡೆಯಿತು. ಬಾನುಬಿ ಗಂಡನ ಬಿಳಿ ಧೋತರ ಕತ್ತರಿಸಿ, ಅಂಚಿಗೆ ಕೇಸರಿ ಹಸಿರು ರಿಬ್ಬನ್ ಹೊಲಿದು ಪುಟ್ಟ ಸೀರೆ ಮಾಡಿದಳು. ‘ಧೋತರ ಎಲ್ಲಿ ಅಂತ ಮುದುಕ ಹುಡುಕಾಕತ್ಯಾನ ಅಕ್ಕಾ. ಭಾರತಮಾತಾ ಒಯ್ದಾಳ ಅಂತ ಹೇಳೇನಿ’ ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಹದಿನಾರರ ಸಂಜೆ ಗೌರಾಬಾಯಿ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದಳು. ಓಣಿಯ ಶರಣಬಸಮ್ಮ ಅಲ್ಲೇ ಬುಟ್ಟಿ ಇಟ್ಟುಕೊಂಡು ಕುಂತಿದ್ದಳು.

‘ಏನ್ಬೇ ಗೌರಾಬಾಯಿ, ನಾಳಿ ಝಂಡಾ ಏರ್ಸಾಕ ಹಣಮಂತ್ರಾಯ ಮಾಮಾ ಬರ್ತಾರಂತ?’

‘ಹೌದ, ವರ್ಷಾ ವರ್ಷಾ ಅವರೇ ಅಲ್ಲೇನು?’

‘ಅವರು ರಜಾಕಾರರ ಕತಿ ಹೇಳೋರು, ಬಾಜೂಕ ಸಾಬರ ಪೋರಿ ಭಾರತಮಾತಾ! ಛಲೋ ಜೋಡಿ ಕೂಡ್ಸೀದಿ ಬಿಡು’ ಅಂತ ಶರಣಬಸಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅಷ್ಟೇ. ಮುಂದೆ ತನ್ನ ಸೊಸೆಯ ಸುದ್ದಿ ತೆಗೆದಳು.

ಹಣಮಂತ್ರಾಯರಿಗೆ ಆಗ ಎಂಬತ್ತು ವರ್ಷ. ನಿಜಾಮನ ಕಡೆಯ ರಜಾಕಾರರು ಊರಿಗೆ ನುಗ್ಗಿ ಅವರ ಮನೆಯ ಕಣಿಕೆ ಬಣವಿಗೆ ಬೆಂಕಿ ಹಚ್ಚಿದಾಗ ಅವರು ಹತ್ತು ವರ್ಷದ ಹುಡುಗ. ಆ ಕಥೆಯನ್ನು ಪ್ರತಿ ವರ್ಷ ಝಂಡಾದ ಕೆಳಗೆ ನಿಂತು ಹೇಳುತ್ತಿದ್ದರು, ಹೇಳುತ್ತ ಅಳುತ್ತಿದ್ದರು. ಗೌರಾಬಾಯಿ ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಬರುವ ದಾರಿಯಲ್ಲಿ ಅದನ್ನೇ ನೆನೆದಳು. ಮುದುಕರ ಮನಸ್ಸಿಗೆ ನೋವಾದರೆ? ನಾಲ್ಕು ಮಂದಿಯ ಮುಂದೆ ಒಂದು ಮಾತು ಅಂದರೆ? ಆ ಮಾತು ಬಾನುಬಿಯ ಕಿವಿಗೆ ಬಿದ್ದರೆ? ಬಾನುಬಿಗೆ ನೋವಾಗಬಾರದು ಅಂತಲೇ ತಾನು ಪಾತ್ರ ಬದಲಿಸುತ್ತಿದ್ದೇನೆ ಅಂತ ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಣಮಂತ್ರಾಯರ ಮನೆ ದಾರಿಯಲ್ಲೇ ಇತ್ತು. ಕಟ್ಟೆಯ ಮೇಲೆ ಅವರೂ ಕುಂತಿದ್ದರು. ‘ಹೆಂಗ ಮಾಡ್ಲಿ ಮಾಮಾ?’ ಅಂತ ನಿಂತು ಕೇಳಬಹುದಿತ್ತು. ಕೇಳಲಿಲ್ಲ. ಸೆರಗು ತಲೆಯ ಮೇಲೆ ಎಳಕೊಂಡು ಮುಂದೆ ನಡೆದಳು.

ಮರುದಿನ ಮುಂಜಾನೆ ಸೀರೆ, ಬೇಗಡೆಯ ಕಿರೀಟ ಎರಡನ್ನೂ ಭಾಗ್ಯಾ ಅನ್ನುವ ಹುಡುಗಿಯ ಮುಂದೆ ಇಟ್ಟಳು. ನಜಮುನ್ನಿಸಾಳಿಗೆ ಒಂದು ಹಸಿರು ಓಢಣಿ ಕೊಟ್ಟು, ‘ನೀ ಇವತ್ತ ಸಾಲಿನಾಗ ನಿಂದ್ರವ್ವಾ. ಹಿಂದೂ, ಮುಸ್ಲಿಂ, ಸಿಖ್ಖ, ಕ್ರೈಸ್ತ ಅಂತ ಸಾಲ ಮಾಡೇನಿ. ನೀ ಮುಸ್ಲಿಂ ಆಗು’ ಅಂದಳು.

ಹುಡುಗಿ ಓಢಣಿಯನ್ನು ತಿರುವಿ ಮುರುವಿ ನೋಡಿತು. ‘ಅದು ದಿನಾ ಮನ್ಯಾಗ ಆಗೇ ಇರ್ತೇನಲ್ರಿ ಟೀಚರ್. ಅದಕ್ಕ ವೇಷ ಯಾಕ್ರಿ?’

ಗೌರಾಬಾಯಿ ಭಾಗ್ಯಾಳ ಕಿರೀಟ ಸರಿಮಾಡತೊಡಗಿದಳು. ಬಾನುಬಿ ಒಲೆಯ ಕಡೆಯಿಂದ ಎದ್ದು ಬಂದಳು. ಭಾಗ್ಯಾಳಿಗೆ ತಾನು ಹೊಲಿದ ಸೀರೆಯನ್ನು ತಾನೇ ಉಡಿಸಿದಳು. ‘ಈಕಿ ಗಿಡ್ಡ ಅದಾಳ, ಒಂದು ಮಡಿಕಿ ಹೆಚ್ಚು ಹಾಕಬೇಕು’ ಅಂದಳು.

ಝಂಡಾ ಏರಿತು, ಬಾನುಬಿಯ ಗಂಟು ಒಂದೇ ಜಗ್ಗಿಗೆ ಬಿಚ್ಚಿತು, ಪಕಳಿ ಸುರಿದವು. ಭಾಗ್ಯಾ ‘ನಾನು...’ ಅಂದು ನಿಂತುಬಿಟ್ಟಳು. ಅಂದು ಮುಂಜಾನೆ ಬಂದ ಪಾತ್ರ, ಪಾಪ, ಆಕೆಯದೇನು ತಪ್ಪು? ಸಾಲಿನಿಂದ ನಜಮುನ್ನಿಸಾ ಪಿಸುಗುಟ್ಟಿತು, ‘ಭಾರತ, ಭಾರತ ಅನ್ನು.’ ಆ ಹುಡುಗಿಯ ಪಿಸುಮಾತೇ ಮಂದಿ ಕುಂತ ಕಟ್ಟೆಯ ತನಕ ಕೇಳಿಸಿತು. ಮಂದಿ ನಕ್ಕರು. ಭಾಗ್ಯಾ ಅಳುತ್ತ ಹೇಳಿ ಮುಗಿಸಿದಳು.

ಎಲ್ಲ ಮುಗಿದು ಮಕ್ಕಳಿಗೆ ಚಿಕ್ಕಿ ಹಂಚುವಾಗ ಹಣಮಂತ್ರಾಯರು ಕೋಲೂರಿಕೊಂಡು ಗೌರಾಬಾಯಿಯ ಹತ್ತಿರ ಬಂದರು.

‘ಅಲ್ಲವಾ, ಹದಿನೈದು ದಿನದಿಂದ ಒಂದು ಹುಡುಗಿ ದನಿ ನಮ್ಮ ಹೊಲದ ತನಕ ಕೇಳ್ತಿತ್ತು. “ಬರ್ರಿ, ನನ್ನ ಬಾಜೂಕ ನಿಂದರ್ರಿ” ಅಂತಿತ್ತು. ಕೇಳಿದಾಗೊಮ್ಮೆ ಎದಿ ತುಂಬಿ ಬರ್ತಿತ್ತು ನೋಡು. ಆ ಕೂಸು ಎಲ್ಲಿ?’

‘ಆಕಿದು... ಗಂಟಲ ಕಟ್ಟ್ಯದರಿ ಮಾಮಾ.’

‘ಛೇ. ಅದನ್ನ ಕೇಳಾಕಂತಲೇ ಬಂದಿದ್ದೆ’ ಅಂದು ಮುದುಕರು ಹೊರಟರು. ಚಿಕ್ಕಿ ಹಂಚುತ್ತಿದ್ದ ಬಾನುಬಿ ಎರಡು ಮಾರು ದೂರದಲ್ಲಿ ನಿಂತಿದ್ದಳು. ಆಕೆಗೆ ಎಲ್ಲ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಬಂದು, ‘ಚಿಕ್ಕಿ ಆರು ಉಳಿದಾವರಿ ಟೀಚರ್’ ಅಂದಳು.

ಟೀಚರ್. ಅಕ್ಕಾ ಅನ್ನುವುದು ಅಂದಿಗೆ ನಿಂತಿತು.

ಮುಂದಿನ ಸೋಮವಾರ ಗೌರಾಬಾಯಿ ಮತ್ತೆ ನಕಾಶೆ ಬರೆದು ಮಕ್ಕಳನ್ನು ನಿಲ್ಲಿಸಿದಳು. ‘ದೇಶ ಎಲ್ಲಿ ಅದ ಹೇಳ್ರಪಾ?’ ಎಲ್ಲರೂ ಎದೆ ಬಡಿದರು. ನಜಮುನ್ನಿಸಾ ಮಾತ್ರ ಬಲಗೈ ಚಾಚಿ ಭಾಗ್ಯಾಳ ಕಡೆ ಬೆರಳು ಮಾಡಿ, ‘ಆಕಿ ಕಡಿ ಅದರಿ’ ಅಂದಿತು. ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಕೇಳಿದ್ದಕ್ಕೆ ತನಗೆ ತಿಳಿದದ್ದನ್ನು ಹೇಳಿತ್ತು ಕೂಸು.

ಗೌರಾಬಾಯಿಗೆ ನೆಲೋಗಿಯ ಕಿಟಕಿ ಕಣ್ಣ ಮುಂದೆ ಬಂತು. ನನ್ನ ಯಾವ ಮಗುವೂ ಹೊರಗೆ ಬೆರಳು ಮಾಡಬಾರದು ಅಂತ ಮೂವತ್ತು ವರ್ಷ ರಂಗೋಲಿ ಹಾಕಿದ್ದಳು. ಆಕೆ ಹುಡುಗಿಯ ಅಂಗೈ ಹಿಡಿದು ಅದರ ಎದೆಯ ಮೇಲಿಟ್ಟಳು. ‘ಇಲ್ಲಿ ಅದ ನಜಮಾ, ಇಲ್ಲಿ.’ ಹುಡುಗಿ ‘ಹೌದ್ರಿ’ ಅಂದಿತು. ಆಮೇಲೆ ಕೇಳಿದಾಗಲೆಲ್ಲ ಎದೆ ಮುಟ್ಟಿಕೊಂಡೇ ಹೇಳುತ್ತಿತ್ತು. ಆದರೆ ಕೈ ಎತ್ತುವ ಮೊದಲು ಒಂದು ಸಲ ಟೀಚರ್ ಮುಖ ನೋಡುತ್ತಿತ್ತು. ಇಡಲೋ ಬೇಡವೋ ಅಂತ ಕೇಳುವ ಹಾಗೆ.

ಎರಡು ವರ್ಷದ ಹಿಂದೆ ಗೌರಾಬಾಯಿಗೆ ರಿಟೈರ್ ಆಯಿತು. ಶಾಲು ಹೊದಿಸಿದರು, ಸಾವಿರಾರು ಮಕ್ಕಳಿಗೆ ದೇಶ ತೋರಿಸಿದ ತಾಯಿ ಅಂತ ಯಾರೋ ಹೊಗಳಿದರು. ಆಕೆ ತಲೆ ಬಗ್ಗಿಸಿ ಕುಂತಿದ್ದಳು. ನಾಚಿಕೆ ಅಂತ ಮಂದಿ ತಿಳಿದರು. ಹಣಮಂತ್ರಾಯರೂ ತೀರಿಕೊಂಡರು. ಅವರಿಗೆ ಹೇಳಿದ ಸುಳ್ಳು ಹಾಗೇ ಉಳಿಯಿತು. ಅಂದು ಯಾರೂ ತನ್ನನ್ನು ತಡೆದಿರಲಿಲ್ಲ, ಯಾರೂ ಬೆದರಿಸಿರಲಿಲ್ಲ, ಗಿರಣಿಯ ಒಂದು ನಗೆಗೆ ತಾನೇ ಹೆದರಿದೆ ಅನ್ನುವುದು ಆಕೆಯನ್ನು ಒಳಗೊಳಗೇ ಕೊರೆಯುತ್ತಿತ್ತು. ಬೈಯಲಿಕ್ಕೆ ಬೇರೆ ಒಬ್ಬರಾದರೂ ಇದ್ದಿದ್ದರೆ ಎಷ್ಟೋ ಹಗುರ ಇರುತ್ತಿತ್ತು.

ಈ ವರ್ಷ ಸೆಪ್ಟೆಂಬರ್ ಹದಿನಾರಕ್ಕೆ ಆಕೆ ಬಾನುಬಿಯ ಮನೆಗೆ ಹೋದಳು. ಬಾನುಬಿ ಅಂಗಳದಲ್ಲಿ ಸಾಲೆಯ ಝಂಡಾಕ್ಕೆ ಚೆಂಡು ಹೂವಿನ ಪಕಳಿ ಬಿಡಿಸುತ್ತಿದ್ದಳು.

‘ಬರ್ರಿ ಟೀಚರ್, ಕುಂದರ್ರಿ.’

‘ಬಾನು, ಆ ವರ್ಷ ನಾ ತಪ್ಪ ಮಾಡಿದೆ. ಸೀರಿ ನಜಮಾಳದು ಇತ್ತು.’

ಬಾನುಬಿಯ ಕೈ ನಿಂತಿತು. ‘ಏಳು ವರ್ಷ ಹಿಡೀತೇನ್ರಿ ಇಷ್ಟು ಹೇಳಾಕ?’ ಅಂದಳು. ಮತ್ತೆ ಪಕಳಿ ಬಿಡಿಸತೊಡಗಿದಳು.

ಒಳಗಿನಿಂದ ನಜಮುನ್ನಿಸಾ ಚಹಾ ತಂದಳು. ಏಳನೇ ಇಯತ್ತೆಯ ಉದ್ದ ಹುಡುಗಿ. ಗೌರಾಬಾಯಿ ಆಕೆಗೂ ಹೇಳಿದಳು. ಹುಡುಗಿ ಕಣ್ಣರಳಿಸಿ ನಕ್ಕಳು. ‘ಯಾವ ಸೀರಿ ಟೀಚರ್? ನನಗ ಒಟ್ಟ ನೆನಪಿಲ್ರಿ. ನಮ್ಮಜ್ಜಾನ ಧೋತರ? ಅಯ್ಯಯ್ಯ!’ ಅಷ್ಟು ವರ್ಷದ ಭಾರ ಇಳಿದ ಹಾಗೆ ಗೌರಾಬಾಯಿ ಚಹಾ ಕುಡಿದಳು. ಕೂಸು ಮರೆತಿದೆ, ಸಾಕು.

ಮರುದಿನ ಸಾಲೆಯ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಇಬ್ಬರೂ ಹತ್ತಿರ ಹತ್ತಿರ ಕುಂತಿದ್ದರು. ಝಂಡಾ ಏರಿತು. ಹೆಡ್‌ಮಾಸ್ತರರು, ‘ಘೋಷಣೆ ಕೂಗಾಕ ನಜಮುನ್ನಿಸಾ ಬಾರವಾ, ನಿನ್ನ ದನಿ ಇದ್ದರ ಮೈಕ್ ಯಾಕ ಬೇಕು’ ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಹುಡುಗಿ ಎದ್ದಳು. ಒಂದು ಹೆಜ್ಜೆ ಇಟ್ಟು ನಿಂತಳು. ಬಾಜೂಕ ಕುಂತ ಭಾಗ್ಯಾಳ ಕಡೆ ನೋಡಿದಳು, ಆಮೇಲೆ ಹೋಗಲೋ ಬೇಡವೋ ಅಂತ ಕೇಳುವ ಹಾಗೆ ಮಾಸ್ತರರ ಮುಖ ನೋಡಿದಳು. ಅವರು ‘ಬಾ, ಬಾ’ ಅಂತ ಕೈ ಮಾಡಿದ ಮೇಲೆ ಮುಂದೆ ಹೋದಳು. ಘೋಷಣೆ ಕೂಗಿದಳು. ಆ ದನಿ ಊರ ಅಗಸಿ ಬಾಗಿಲು ದಾಟಿ ಹೊಲದ ತನಕ ಹೋಯಿತು. ಮಂದಿಯೆಲ್ಲ ಖುಷಿಯಾಗಿ ಚಪ್ಪಾಳೆ ತಟ್ಟಿದರು.

ಗೌರಾಬಾಯಿಯ ಕೈ ಮಡಿಲಲ್ಲೇ ಉಳಿದಿತ್ತು. ಬಾನುಬಿ ಆಕೆಯ ಕಡೆ ತಿರುಗದೆ, ಝಂಡಾ ನೋಡುತ್ತಲೇ ಕೇಳಿದಳು.

‘ನೋಡಿದೇನ ಅಕ್ಕಾ?’

‘ನೋಡಿದೆ’ ಅಂದಳು ಗೌರಾಬಾಯಿ.