ಗೋಡೆಯ ಓರೆ ಪಟ್ಟಿ ಕಿತ್ತವನು ನಾನು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನೆಲ ನಡುಗಿತು. ಮೂರೂ ಕಾಲಿಗೆ ನಾನು ಸುಳ್ಳು ಹೇಳಿದೆ. ಆ ಗೋಡೆ ವಾಲಿದ್ದು ಹಸನ್‌ಸಾಬ ಮೇಸ್ತ್ರಿಯ ತಪ್ಪಿನಿಂದಲ್ಲ — ನನ್ನಿಂದ.

ತೊಂಬತ್ತರ ದಶಕದ ಮೊದಲ ವರ್ಷಗಳು. ಹೊರರಾಜ್ಯಕ್ಕೆ ದುಡಿಯಲು ಬಂದ ನಮ್ಮವರ ಬಸ್ತಿ ಚಿಂಬಲ್‌ನಲ್ಲಿ ನಮ್ಮದು ಐದು ಖೋಲಿಗಳ ಸಾಲು. ಕಟ್ಟಿದವರು ವಿಜಾಪುರ ಕಡೆಯ ಬಡಿಗ ಹಸನ್‌ಸಾಬರು. ನನ್ನ ಪಕ್ಕದ ಖೋಲಿಯೇ ಅವರದು. ಕಟ್ಟಿಗೆಯ ಚೌಕಟ್ಟು, ಎರಡೂ ಬದಿ ಹಲಗೆ, ಒಳಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ. ‘ಕಂಬ ಭಾರ ಹೊರತಾವ, ಓರೆ ಪಟ್ಟಿ ನಡುಗ ತಡೀತದ’ ಎನ್ನುತ್ತಿದ್ದರು. ನಾನು ಬಿ.ಎಸ್ಸಿ. ಓದಿದವನು — ಭಾರ ಹೊರದ ಕಟ್ಟಿಗೆ ಗೋಡೆಯಲ್ಲಿ ಯಾಕಿರಬೇಕು ಎಂದು ನನಗೆ ನಾನೇ ಸಿದ್ಧಮಾಡಿ ತೋರಿಸಿಕೊಂಡೆ. ನನಗೆ ಟಿವಿ ಆಂಟೆನಾಕ್ಕೆ ಉದ್ದನೆಯ ಕೋಲು ಬೇಕಿತ್ತು, ಅಷ್ಟೇ. ಮೇಸ್ತ್ರಿ ಊರಿಗೆ ಹೋದಾಗ ನನ್ನ ಗೋಡೆಯ ಹಲಗೆ ಬಿಚ್ಚಿ, ಪಟ್ಟಿ ಎಳೆದು, ಹಲಗೆ ಮತ್ತೆ ಬಡಿದೆ. ಪಟ್ಟಿಗೆ ಬೆಳ್ಳಿ ಬಣ್ಣ ಬಳಿದು ಛಾವಣಿಗೇರಿಸಿದೆ. ಊರಿಂದ ಬಂದ ಮೇಸ್ತ್ರಿಯೇ ಟಿವಿ ಎದುರು ಕೂತು ‘ಚಲೋ ಕಾಣ್ತದ ನೋಡ್ರಿ’ ಎಂದರು.

ನಡುಕ ಕೆಲವೇ ಕ್ಷಣ. ನಾಲ್ಕು ಖೋಲಿಗಳು ಕಿರುಗುಟ್ಟಿ ಸುಮ್ಮನಾದವು. ನನ್ನದು ಮಾತ್ರ — ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ — ಗೋಡೆ ಪಕ್ಕಕ್ಕೆ ಜರುಗಿತು, ಬಾಗಿಲು ಸೊಟ್ಟಗಾಗಿ ಕಚ್ಚಿಕೊಂಡಿತು. ಬಂದರಿನ ಎರಡನೇ ಪಾಳಿಗೆ ಹೊರಟಿದ್ದ ನಾನು ಅರ್ಧ ಗಡ್ಡ ಬೋಳಿಸಿಕೊಂಡು ಕಿಟಕಿಯಿಂದ ಹೊರಬಿದ್ದೆ.

‘ನೀವು ಕಲಿತವ್ರು, ಹೇಳ್ರಿ, ಹಿಂಗ್ಯಾಕಾತು?’ ಎಂದಳು ಎದುರು ಖೋಲಿಯ ಶಾಂತವ್ವ. ನಾನು ಹಲಗೆ ಸರಿಸಿ, ಇಣುಕಿ, ಗಂಭೀರವಾಗಿ ಹೇಳಿದೆ: ‘ಓರೆ ಪಟ್ಟಿ ಹಾಕೇ ಇಲ್ಲರೀ.’

ಮೇಸ್ತ್ರಿ ವಾದಿಸಬಹುದಿತ್ತು — ವಾದಿಸಲಿಲ್ಲ. ‘ಮರತಿರಬೇಕು. ವಯಸ್ಸಾತು’ ಎಂದರು. ನನ್ನ ಗೋಡೆಗೆ ಬೇರೆಯವರು ಬಿದಿರು ಆನಿಸಿದರು. ಮೇಸ್ತ್ರಿ ಗೋಡೆ ಕಟ್ಟುವುದನ್ನೇ ಬಿಟ್ಟರು. ಬರೀ ಸ್ಟೂಲು ಮಾಡುತ್ತಿದ್ದರು. ಒಂದೊಂದಕ್ಕೂ ಎಂಟು ಓರೆ ಪಟ್ಟಿ. ಎತ್ತಲು ಇಬ್ಬರು ಬೇಕು. ಬೆಳಗಾದರೆ ತಾವು ಕಟ್ಟಿದ ಗೋಡೆಗಳನ್ನೆಲ್ಲ ಬೆರಳಿನಿಂದ ಕುಟ್ಟುತ್ತ ಹೋಗುತ್ತಿದ್ದರು. ‘ಒಳಗ ಯಾರದಾರ ಮೇಸ್ತ್ರಿ, ಬಾಗಲಾ ತಗಿತಾರೇನ?’ ಎಂದು ಶಾಂತವ್ವ ಕಾಡುತ್ತಿದ್ದಳು. ಅವರಿಗೆ ನಿದ್ದೆಯಿರಲಿಲ್ಲ. ನನಗೂ — ಆದರೆ ನನ್ನದನ್ನು ಇಲ್ಲಿ ಹೇಳಬಾರದು.

ಎರಡು ವರ್ಷ. ಆಮೇಲೊಂದು ಭಾನುವಾರ, ಸಾಲಿನವರೆಲ್ಲ ಧಾರಾವಾಹಿ ನೋಡುತ್ತಿದ್ದಾಗ, ಛಾವಣಿ ಹತ್ತಿ ಕೋಲು ಕಿತ್ತೆ. ಕೆಳಗಿನಿಂದ ಬೈಗುಳ ಬಂತು. ಬಣ್ಣ ಕೆರೆದು ಎಲ್ಲರೆದುರು ಮೇಸ್ತ್ರಿಯ ಮುಂದಿಟ್ಟೆ. ‘ನೀವು ಮರತಿರಲಿಲ್ರಿ. ನಾನ ಕಿತ್ತಿದ್ದೆ.’

ಅವರು ತುದಿಯ ಕಚ್ಚನ್ನು ಹೆಬ್ಬೆರಳಿನಿಂದ ಸವರಿದರು — ತಮ್ಮದೇ ಉಳಿಯ ಗುರುತು.

‘ಮ್ಹಾಪಸಾ ಪ್ಯಾಟ್ಯಾಗ ಎರಡು ಮನಿ ಕಟ್ಟೂ ಕೆಲಸ ಬಿಟ್ಟೆ, ನಿನ್ನ ಮಾತು ನಂಬಿ’ ಎಂದರು. ನಗಲಿಲ್ಲ. ಪಟ್ಟಿಯನ್ನು ಹೆಗಲಿಗೇರಿಸಿಕೊಂಡು, ‘ನಾಳೆ ರಜಾ ಹಾಕಪಾ ಬಿ.ಎಸ್ಸಿ.! ಗೋಡಿ ಹಿಡಿಯಾಕ ಒಬ್ಬಾತ ಬೇಕು.’

ಸೋಮವಾರ ಅವರು ಪಟ್ಟಿ ಕೂರಿಸುವವರೆಗೂ ನಾನು ಗೋಡೆಗೆ ಹೆಗಲು ಕೊಟ್ಟು ಓರೆಯಾಗಿ ನಿಂತಿದ್ದೆ. ಶಾಂತವ್ವ ಮಂದಿಯನ್ನು ಕರೆಕರೆದು ತೋರಿಸಿದಳು.

ಮಂಗಳವಾರ ಬಿಸಿಲೇರಿದರೂ ಹಸನ್‌ಸಾಬರ ಬಾಗಿಲು ತೆರೆದಿರಲಿಲ್ಲ. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಎಬ್ಬಿಸಲು ಹೊರಟ ಶಾಂತವ್ವನಿಗೆ ನಾನು ಅಡ್ಡ ನಿಂತೆ.