ವಾಚು ಬಿಚ್ಚದ ಸೋದರಮಾವ

ಚಿತ್ತಾಪುರದ ಅಶೋಕಕುಮಾರ ಕಚೇರಿಯಲ್ಲಿ ಗುಮಾಸ್ತ, ಬೀದಿಯಲ್ಲಿ ಜಾಗೀರದಾರ. ಈಚೆಗೆ ಅವನು ನಡೆಯುವಾಗ ಎಡಗೈ ಮೈಗಿಂತ ತುಸು ಮುಂದಿರುತ್ತದೆ. ಅದರ ಮೇಲೊಂದು ವಾಚು ಕೂತಿದೆ, ಹೈದರಾಬಾದಿನಿಂದ ತರಿಸಿದ್ದು. ಹೊಚ್ಚ ಹೊಸದು, ಆದರೆ ಅಜ್ಜನ ಕಾಲದ್ದೆಂದು ಕಾಣಲೆಂದೇ ಮಾಡಿದ್ದು: ಹಪ್ಪಳದಂತೆ ತೆಳು, ಕೆನೆಬಣ್ಣದ ಮುಖ, ಚರ್ಮದ ಪಟ್ಟಿ, ದಿನಾ ಕೀಲಿ ಕೊಡಬೇಕು. ಅದನ್ನು ಕಂಡು ತಾಯಿ ಮರೆಮ್ಮ ಮರುಗಿದ್ದಳು. “ಎಪ್ಪಾ, ಅಷ್ಟು ರೊಕ್ಕ ತಗೊಂಡು ಹಳೇದ ಕೊಟ್ಟಾರಲ್ಲೋ!”

ಅವನ ತಮ್ಮ ಬೀರೇಶ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುತ್ತಾನೆ. ಅವನದು ನೀರಲ್ಲಿ ಮುಳುಗುವವರ ವಾಚು. ಅಗ್ಗದ್ದು, ಉಕ್ಕಿನದು, ದಪ್ಪ. ಮೇಲಿನ ಉಂಗುರ ತಿರುಗಿಸಿ ಪಂಪು ಶುರುವಾದ ಹೊತ್ತು ಗುರುತಿಟ್ಟುಕೊಳ್ಳುತ್ತಾನೆ. ಇನ್ನೂರು ಮೀಟರ್ ಆಳದಲ್ಲೂ ನೀರು ಹೊಗದೆಂದು ಅದರ ಮೇಲೇ ಬರೆದಿದೆ.

“ಬ್ಯಾಸಗ್ಯಾಗ ಕಾಗಿಣಾ ಹೊಳ್ಯಾಗ ಎಮ್ಮಿ ಮುಳಗೂವಷ್ಟು ನೀರಿರಂಗಿಲ್ಲ. ಇನ್ನೂರು ಮೀಟರ್ ಎಲ್ಲಿ ಮುಳಗ್ತಿಯೋ?” ಎಂದು ಅಣ್ಣ ಕಂಡಕಂಡಲ್ಲಿ ಕಾಲೆಳೆಯುತ್ತಿದ್ದ.

“ಮುಳಗಂಗಿಲ್ಲಣ್ಣ, ಕೈ ತೊಳಕೊಳ್ತೀನಿ,” ಎನ್ನುತ್ತಿದ್ದ ತಮ್ಮ.

ತಂಗಿ ಉಮಾದೇವಿಯ ಮಗಳು ದೇವಿಕಾಳ ಮದುವೆ ಬಂತು. ದೇವಿಕಾ ಅಶೋಕಕುಮಾರನ ಮನೆಯಲ್ಲಿದ್ದೇ ಓದಿದವಳು. ಸೈಕಲ್ಲು ಕಲಿಸಿದವನೂ ಅವನೇ. ಅವಳೆಂದರೆ ಅವನಿಗೆ ಪ್ರಾಣ, ಅದೇನೂ ಸುಳ್ಳಲ್ಲ. ಅವರ ಮನೆತನದಲ್ಲಿ ಮದುಮಗಳ ಜೊತೆ ಸುರಗಿ ನೀರಿಗೆ, ಅಂದರೆ ಅರಿಶಿಣದ ಸ್ನಾನಕ್ಕೆ, ಕೂತ ಸೋದರಮಾವನೇ ಅವಳ ಕೈಹಿಡಿದು ಎಬ್ಬಿಸಬೇಕು, ಹಂದರದಲ್ಲೂ ಅವನೇ ಬೆನ್ನಿಗೆ ನಿಲ್ಲಬೇಕು. ಆ ಕೈ ತನ್ನದೇ ಎಂದು ಅವಳು ಲಂಗ ತೊಡುತ್ತಿದ್ದ ಕಾಲದಿಂದ ಊರಿಗೆಲ್ಲ ಸಾರಿಕೊಂಡು ಬಂದಿದ್ದ.

ಅಂಗಳದ ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿದರು. ಮೈಗೆಲ್ಲ ಅರಿಶಿಣ ಬಳಿದುಕೊಂಡು ದೇವಿಕಾ ಮಣೆಯ ಮೇಲೆ ಕೂತಳು. ಹೆಂಗಸರು ಕೊಡ ಎತ್ತಿದರು. ಅಶೋಕಕುಮಾರ ಅಂಗಿ ಬಿಚ್ಚಿದ, ವಾಚು ಬಿಚ್ಚಲಿಲ್ಲ. ಬಿಚ್ಚಿದರೆ ಫೋಟೊದಲ್ಲಿ ಬರಿಗೈ, ಬಿಚ್ಚದಿದ್ದರೆ ವಾಚಿಗೆ ಜಲಸಮಾಧಿ.

“ಅಣ್ಣಾ, ಇಲ್ಲಿ ಕೊಡು, ನಾ ಹಿಡಕೊಂಡಿರ್ತೀನಿ,” ಎಂದು ಉಮಾದೇವಿ ಕೈ ಚಾಚಿದಳು.

ಅವನು ಹಾವು ಕಂಡವನಂತೆ ಹಿಂದೆ ಸರಿದ. “ನಿನ್ನ ಕೈತುಂಬ ಅರಿಶಿಣ ಅದ. ಪಟ್ಟಿಗಿ ಕಲೆ ಬಿದ್ರ ಹೋಗಂಗಿಲ್ಲ.”

“ನೀರು ಆರ್ಲಿಕತ್ತಾವ! ಆ ವಾಚಿಗೇ ಅರಿಶಿಣ ಹಚ್ರೆವ್ವಾ, ಅದಕ್ಕೇ ಮದಿವಿ ಮಾಡೂಣು!” ಎಂದಳು ಒಬ್ಬ ಮುದುಕಿ. ಅಂಗಳವೆಲ್ಲ ನಕ್ಕಿತು.

ಅಶೋಕಕುಮಾರನ ಕಿವಿ ಕೆಂಪಾದವು. “ಬೀರೇಶಾ, ನೀ ಕುಂದ್ರೋ. ನಿಂದು ಹೆಂಗೂ ನೀರಾಗಿನ ವಾಚು. ಆಮ್ಯಾಲ ನಾ ಕೈಹಿಡದು ಎಬ್ಬಸ್ತೀನಿ.”

ಬೀರೇಶ ಅಂಗಿ ಬಿಚ್ಚಿ ದೇವಿಕಾಳ ಪಕ್ಕ ಕೂತ. ಕೊಡದ ಮೇಲೆ ಕೊಡ ಸುರಿದರು. ಅವನ ವಾಚು ಮಿಂದು ಮಡಿಯಾಗಿ ನಡೆಯುತ್ತಲೇ ಇತ್ತು.

ನೀರು ಮುಗಿಯಿತು. ಅಶೋಕಕುಮಾರ ಶಲ್ಯ ಹೊದ್ದು, ಒಣ ಕೈ ಚಾಚಿ, ಫೋಟೊದವನತ್ತ ಒಮ್ಮೆ ನೋಡಿ, “ಏಳವ್ವ ದೇವಿಕಾ,” ಎಂದ.

ದೇವಿಕಾ ಆ ಕೈಯನ್ನೇ ನೋಡಿದಳು.

“ಬ್ಯಾಡ ಮಾಮಾ. ನನ್ನ ಕೈಗೂ ಅರಿಶಿಣ ಅದ.”

ಬೀರೇಶನ ಕೈ ಹಿಡಿದು ಎದ್ದಳು. ಅಶೋಕಕುಮಾರನ ಕೈ ಚಾಚಿದಂತೆಯೇ ಉಳಿಯಿತು. ಫೋಟೊದವನು ಅದನ್ನೂ ಒಂದು ತೆಗೆದ. ವಾಚು ಬಹಳ ಚೆನ್ನಾಗಿ ಬಂದಿದೆ.